ಅಟ್ಟ ಖಾಲಿಯಿತ್ತು

ಯಾರ ಮನೆಗೆ ಹೋದರೂ ನಾನು ಮೊದಲು ತಲೆ ಎತ್ತಿ ಮೇಲೆ ನೋಡುತ್ತೇನೆ. ಈಗಿನ ಮನೆಗಳಲ್ಲಿ ಮೇಲೆ ಫ್ಯಾನು ಬಿಟ್ಟರೆ ಏನಿರುತ್ತದೆ? "ಏನ್ ಮೇಡಂ, ಸೋರ್ತಾ ಇದ್ಯಾ ಅಂತ ನೋಡ್ತಿದ್ದೀರಾ?" ಎಂದು ತಮಾಷೆ ಮಾಡುತ್ತಾರೆ. ನಾನೂ ನಕ್ಕು ಕೂರುತ್ತೇನೆ. ಕೂತರೂ ನೆಟ್ಟಗೆ ಕೂರಲಾರೆ. ಆ ಮನೆಯಲ್ಲಿ ಮಗುವಿದ್ದರೆ ನನ್ನ ಕಣ್ಣು ಅದರ ಮೊಣಕೈಗೆ, ಕತ್ತಿನ ಹಿಂದಕ್ಕೆ, ಮೀನಖಂಡಕ್ಕೆ ಓಡುತ್ತದೆ. ಮಗು ಲೋಟದ ನೀರು ಚೆಲ್ಲಿತು ಅಂದುಕೊಳ್ಳಿ, ಉಳಿದವರು ನೆಲ ನೋಡುತ್ತಾರೆ, ಚೆಲ್ಲಿದ ಮಗು ಯಾರ ಮುಖ ನೋಡಿತು ಎಂದು ನಾನು ನೋಡುತ್ತೇನೆ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ಹತ್ತಿದ ಚಾಳಿ ಎಂದು ನನ್ನ ಯಜಮಾನರು ಎಲ್ಲರ ಮುಂದೆ ಸಮಜಾಯಿಷಿ ಕೊಡುತ್ತಾರೆ. ಅದು ಶಾಲೆಯಲ್ಲಿ ಹತ್ತಿದ್ದಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ತುರುವೇಕೆರೆ ಕಡೆಯ ನಮ್ಮ ಮನೆಯಲ್ಲಿ, ಅಟ್ಟದ ಕೆಳಗೆ ಹತ್ತಿದ್ದು.

ನಮ್ಮದು ಉದ್ದನೆಯ ಹೆಂಚಿನ ಮನೆ. ಬಾಗಿಲು ದಾಟಿದರೆ ಪಡಸಾಲೆ, ಆಮೇಲೆ ನಡುಮನೆ, ಅದರ ಮಗ್ಗುಲಿಗೆ ದೇವರ ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಲಿಗೆ ಅಂಟಿಕೊಂಡಂತೆ ಕೊಟ್ಟಿಗೆ. ಕೆಳಗಿದ್ದವರು ಅಜ್ಜಿ, ಅಪ್ಪ, ಅವ್ವ, ನಾನು, ನನಗಿಂತ ಎರಡು ವರ್ಷಕ್ಕೆ ಚಿಕ್ಕವನಾದ ತಮ್ಮ ಸಿದ್ದು, ಇಷ್ಟೇ ಜನ. ಮೇಲಿನ ಸಂಸಾರ ನಮಗಿಂತ ದೊಡ್ಡದು. ನಡುಮನೆ ಮತ್ತು ಅಡುಗೆಮನೆಯ ಮೇಲೆ ದಬ್ಬೆ ಹಾಸಿ ಮಾಡಿದ ಅಟ್ಟದ ತುಂಬ ತೆಂಗಿನಕಾಯಿ. ತೋಟದಲ್ಲಿ ಕೆಡವಿದ ಕಾಯನ್ನು ಸಿಪ್ಪೆ ಸಮೇತ ಅಲ್ಲಿಗೇರಿಸಿದರೆ ಹೆಚ್ಚುಕಡಿಮೆ ಒಂದು ವರ್ಷ ಯಾರೂ ಮುಟ್ಟುವಂತಿರಲಿಲ್ಲ. ಕೆಳಗಿನ ಒಲೆಯ ಬಿಸಿ, ಹೊಗೆ ಮೇಲಕ್ಕೆ ಹೋಗಿ ಕಾಯಿಯ ನೀರು ನಿಧಾನವಾಗಿ ಇಂಗಬೇಕು. ಇಂಗಿ ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಎನ್ನುತ್ತದೆ. ಆಗ ಇಳಿಸುವುದು. ಹೀಗಾಗಿ ವರ್ಷವಿಡೀ ನಾವು ಉಂಡದ್ದು, ಜಗಳವಾಡಿದ್ದು, ಜ್ವರ ಬಂದು ಮಲಗಿದ್ದು ಎಲ್ಲವೂ ತಲೆಯ ಮೇಲೆ ಸಾವಿರಾರು ಕಾಯಿ ಇಟ್ಟುಕೊಂಡೇ. ಇಲಿ ಹೊರಳಿಸಿದಾಗ ಏಣಿ ಇಡುವ ಕಂಡಿಯಿಂದ ಆಗೊಮ್ಮೆ ಈಗೊಮ್ಮೆ ಒಂದು ಕಾಯಿ ದೊಪ್ಪನೆ ಬೀಳುವುದೂ ಇತ್ತು. ಅದಕ್ಕೇ ನಮ್ಮ ಸೀಮೆಯಲ್ಲಿ ಯಾರ ಹಣೆಯಲ್ಲಿ ಬುಗುಟು ಕಂಡರೂ "ಅಟ್ಟದ ಕಾಯಾ?" ಎಂದು ಕೇಳಿ, ಹ್ಞೂ ಎಂದರೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು.

ನನ್ನ ಅಪ್ಪ ನಂಜುಂಡಪ್ಪನನ್ನು ಊರಿನಲ್ಲಿ ಯಾರನ್ನು ಕೇಳಿದರೂ ಬಂಗಾರದಂಥ ಮನುಷ್ಯ ಎನ್ನುತ್ತಿದ್ದರು. ಸುಳ್ಳೇನಲ್ಲ. ಬೀಡಿ ಸೇದಿದವನಲ್ಲ, ಕುಡಿದವನಲ್ಲ, ಎತ್ತಿಗೂ ಬಾರುಕೋಲು ತಾಗಿಸದೆ ಉಳುತ್ತಿದ್ದ. ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಕಿಬ್ಬನಹಳ್ಳಿ ತನಕ ಕರೆದೊಯ್ದು ಬೆಂಡು ಬತ್ತಾಸು ಕೊಡಿಸಿ ತರುತ್ತಿದ್ದ. ಪ್ರತಿ ಸಲ ಕಾಯಿ ಇಳಿಸಿ ಒಡೆದಾಗ ಮೊದಲ ಕೊಬ್ಬರಿ ಉಂಡೆಯನ್ನು "ಗಿರಿಜವ್ವಾ, ತಗೋ" ಎಂದು ನನ್ನ ಲಂಗದೊಳಕ್ಕೆ ಹಾಕುತ್ತಿದ್ದ. ನನ್ನ ಮೇಲೆ ಒಂದು ದಿನವೂ ಕೈ ಮಾಡಲಿಲ್ಲ. ನಾನು ಅಪ್ಪನ ಮಗಳು, ಅದರ ಜಂಬವೂ ನನಗೆ ಸಾಕಷ್ಟಿತ್ತು. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ಹೇಳುವುದು ಮೋಸವಾಗುತ್ತದೆ.

ಸಿದ್ದು ಎಡಚ. ಮುದ್ದೆ ಮುರಿಯುವುದು, ಬಳಪ ಹಿಡಿಯುವುದು, ಗೋಲಿ ಹೊಡೆಯುವುದು ಎಲ್ಲ ಎಡಗೈಯಲ್ಲಿ. ಅಪ್ಪನಿಗೆ ಅದೊಂದು ಸಹಿಸುತ್ತಿರಲಿಲ್ಲ. ಊಟಕ್ಕೆ ಕೂತಾಗ ಸಿದ್ದುವಿನ ಎಡಗೈ ತಟ್ಟೆಯ ಕಡೆ ಹೋದರೆ ಸಾಕು, ಅಪ್ಪ ದನಿ ಏರಿಸದೆ ಕೇಳುತ್ತಿದ್ದ:

"ಯಾವ ಕೈಲಾ ಅದು?"

ಸಿದ್ದು ಕೈ ಬದಲಿಸುತ್ತಿದ್ದ. ಬಲಗೈಯಲ್ಲಿ ಮುರಿದ ಮುದ್ದೆ ಸಾರಿಗೆ ಬಿದ್ದು ಅಂಗಿಯ ಮೇಲೆ ಎರಚುತ್ತಿತ್ತು. ಊಟ ಮುಗಿಯುವ ತನಕ ಅಪ್ಪ ಏನೂ ಹೇಳುತ್ತಿರಲಿಲ್ಲ. ಕೈ ತೊಳೆದು, ಬಾಯಿ ಒರೆಸಿಕೊಂಡು, "ಬಾ" ಎಂದು ಅವನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತಿದ್ದ. ಸೌದೆಗೆಂದು ಒಣಗಿದ ತೆಂಗಿನ ಗರಿಯ ಮಟ್ಟೆ ಒಟ್ಟುತ್ತಿದ್ದದ್ದು ಅಲ್ಲೇ. ಕೊಟ್ಟಿಗೆಯ ಬಾಗಿಲು ನೆಲಕ್ಕೆ ಉಜ್ಜಿಕೊಂಡು ಮುಚ್ಚುವ ಸದ್ದು ಕೇಳಿದೊಡನೆ ಅವ್ವ ಊದುಗೊಳವೆ ಕೈಗೆತ್ತಿಕೊಂಡು, ಧಗಧಗ ಉರಿಯುತ್ತಿದ್ದ ಒಲೆಯನ್ನೇ ಊದುತ್ತಿದ್ದಳು. ಅಜ್ಜಿ ವಿಭೂತಿ ಗಟ್ಟಿಯನ್ನು ಸುಮ್ಮನೆ ತೇಯುತ್ತ ಕೂರುತ್ತಿದ್ದಳು. ನಾನು ಗೋಡೆಗೊರಗಿ ಹದಿಮೂರರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತಿದ್ದೆ. ಇವತ್ತು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನನಗೆ ಹದಿಮೂರರ ಮಗ್ಗಿ ತಪ್ಪುವುದಿಲ್ಲ. ಥೂ, ಎಂಥ ವಿದ್ಯೆ ಕಲಿತೆ ನಾನು.

ಒಮ್ಮೆ ಮಾತ್ರ ಬಾಗಿಲ ಸಂದಿಯಲ್ಲಿ ಇಣುಕಿದೆ. ಅಪ್ಪ ನನಗೆ ಬೆನ್ನು ಹಾಕಿ ನಿಂತಿದ್ದ. ಮಟ್ಟೆ ಅವನ ಎಡಗೈಯಲ್ಲಿತ್ತು. ಊಟ, ಬರಹ, ಪೂಜೆ, ನೇಗಿಲು, ಎಲ್ಲವನ್ನೂ ಬಲಗೈಯಲ್ಲಿ ಮಾಡುವ ಅಪ್ಪ ಹೊಡೆಯುವಾಗ ಮಾತ್ರ ಯಾಕೆ ಹೀಗೆ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಓಡಿಬಂದು ಮಗ್ಗಿಯನ್ನು ಮೊದಲಿನಿಂದ ಶುರು ಮಾಡಿದೆ.

ಸಿದ್ದು ಬರುಬರುತ್ತ ಬೇರೆ ಥರದ ಹುಡುಗನಾದ. ಬೆಳಗ್ಗೆ ಯಾರಾದರೂ ಪಕ್ಕದಲ್ಲಿ ಬೇಗ ಎದ್ದರೆ ಅವನೂ ಚಕ್ಕನೆ ಎದ್ದು ಕೂರುತ್ತಿದ್ದ. ಬೇಸಗೆಯಲ್ಲೂ ತುಂಬುತೋಳಿನ ಅಂಗಿ, ಕತ್ತಿನ ತನಕ ಗುಂಡಿ. ಶನಿವಾರ ಅಜ್ಜಿ ಎಣ್ಣೆ ಬಟ್ಟಲು ಹಿಡಿದು ಕೂತಳೆಂದರೆ ತೋಟಕ್ಕೆ ಪರಾರಿ. ಅಜ್ಜಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಎಣ್ಣೆ ಹಚ್ಚುವ ಕೈಯಿಂದಲೇ ನಮ್ಮನ್ನು ನೋಡುತ್ತಿದ್ದಳು. "ಸೊರಗಿದೀಯ ಕಣೇ", "ಇಲ್ಲೇನೇ ಇದು, ಸೊಳ್ಳೆ ಕಡೀತಾ?" ಎಂದು ಬೆರಳಲ್ಲೇ ಹುಡುಕಿ ಹೇಳುವವಳು. ಒಂದು ಶನಿವಾರ ಸಿದ್ದು ಕೈಗೆ ಸಿಕ್ಕಿಬಿದ್ದ. ಬೆನ್ನಿಗೆ ಅಂಗೈ ತಾಗಿದ್ದೇ ತಡ ಹಾ ಎಂದು ಸೆಟೆದುಕೊಂಡ. ಅಜ್ಜಿಯ ಕೈ ಅಲ್ಲೇ ನಿಂತಿತು.

"ಏನ್ಲಾ ಮಗಾ ಇದು?"

"ಅಟ್ಟದ ಕಾಯಿ ಬಿತ್ತು ಅಜ್ಜಿ."

ಆ ಮಾತನ್ನು ಅವನಿಗೆ ಕಲಿಸಿದ್ದು ಯಾರೂ ಅಲ್ಲ. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದನ್ನು ಅವನೂ ಹೇಳಿದ. ಅಜ್ಜಿಯ ಕೈ ಮತ್ತೆ ಮೆಲ್ಲಗೆ ಎಣ್ಣೆ ಸವರತೊಡಗಿತು. ನಾನು ಬಚ್ಚಲ ಬಾಗಿಲಲ್ಲಿ ಸೀಗೆಪುಡಿ ಹಿಡಿದು ನಿಂತಿದ್ದೆ. ಅಜ್ಜಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಏನೂ ಆಗಲಿಲ್ಲ, ಮಧ್ಯಾಹ್ನ ಎಲ್ಲರೂ ಅವರೆಕಾಳು ಸಾರು ಉಂಡೆವು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಕಾಯಿ ಇಳಿಸಿದರು. ಎರಡು ದಿನ ಮನೆ ಎಂಬುದು ಸಂತೆ. ಇಳಿಸಿದ್ದಾದ ಮೇಲೆ, ಯುಗಾದಿಗೆ ಮನೆ ಬಳಿಯುವ ಮೊದಲು ಅಟ್ಟ ಗುಡಿಸುವುದು ಅವ್ವನ ಪಾಲಿನ ಕೆಲಸ. ಮೂಗುಬಾಯಿಗೆ ಬಟ್ಟೆ ಕಟ್ಟಿ, ಸೆರಗು ಸಿಕ್ಕಿಸಿ, ಪೊರಕೆ ಹಿಡಿದು ಏಣಿ ಹತ್ತಿದವಳು ಇಡೀ ದಿನ ಇಳಿಯಲಿಲ್ಲ. ಇಲಿ ಹಿಕ್ಕೆ, ನಾರು, ವರ್ಷದ ಮಸಿ ಕಂಡಿಯಿಂದ ಸುರಿಯುತ್ತಲೇ ಇತ್ತು. ಸಂಜೆ ಕೆಳಗಿಳಿದಾಗ ಕಣ್ಣು ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಕಪ್ಪು. ನಾನೂ ಸಿದ್ದೂ ಬಿದ್ದು ಬಿದ್ದು ನಕ್ಕೆವು, ಅವ್ವನೂ ನಕ್ಕಳು. ಅಟ್ಟ ಖಾಲಿಯಾದರೆ ಮನೆಗೆ ಬೇರೆಯೇ ದನಿ ಬರುತ್ತದೆ, ಮಾತಾಡಿದರೆ ಮೇಲಿಂದ ವಾಪಸ್ಸು ಬರುತ್ತದೆ. ಸಿದ್ದು ಕಂಡಿಯ ಕೆಳಗೆ ನಿಂತು ಕೂ ಎಂದು ಕೂಗಿ ಆಟವಾಡಿದ.

ಅದಾದ ವಾರಕ್ಕೆ, ಒಂದು ಸೋಮವಾರ ಬೆಳಗ್ಗೆ, ಅಪ್ಪ ದೇವರ ಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದ. ನಮ್ಮವರು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈಯಲ್ಲಿ ಪೂಜಿಸುತ್ತಾರೆ. ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದು ಕೂತಿದ್ದ ಸಿದ್ದು ತುಂಬ ಹೊತ್ತು ಅಪ್ಪನ ಅಂಗೈಯನ್ನೇ ನೋಡಿ ಕೇಳಿದ:

"ಅಪ್ಪಾ, ದೇವ್ರನ್ನ ಎಡಗೈಲೇ ಕೂರಿಸ್ಕಂಡಿದೀಯಲ್ಲ. ಎಡಗೈ ಹೊಲಸು ಅಂದಿದ್ದೆ?"

ಅವನು ಎದುರುತ್ತರ ಕೊಟ್ಟದ್ದಲ್ಲ. ಏಳು ವರ್ಷದ ಹುಡುಗ, ಅವನಿಗೆ ನಿಜವಾಗಿ ಬೇಕಾಗಿತ್ತು ಉತ್ತರ. ಆ ಕೈಗೂ ಒಂದು ಜಾಗವಿದೆ ಎಂದು ಕಂಡು ಅವನ ಮುಖ ಅರಳಿತ್ತು, ನಾನು ನೋಡಿದೆ. ಅಪ್ಪ ಪೂಜೆಯನ್ನು ಅವಸರವಿಲ್ಲದೆ ಮುಗಿಸಿದ. ಲಿಂಗವನ್ನು ಕಟ್ಟಿಕೊಂಡ. ಎದ್ದ. "ಬಾ" ಎಂದ. ಆ ದಿನ ನಾನು ಮಗ್ಗಿಯಲ್ಲಿ ಹದಿಮೂರೇಳಲ ತನಕ ಬಂದಿದ್ದೆ, ಕೊಟ್ಟಿಗೆಯಿಂದ ಬಂದ ಕೂಗಿಗೆ ಅವ್ವ ಊದುಗೊಳವೆ ಎಸೆದು ಓಡಿದಳು. ಸಿದ್ದುವಿನ ಎಡಗೈ ಮೊಣಕೈ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು.

ಅವನನ್ನು ಎದೆಗವಚಿಕೊಂಡು ತುರುವೇಕೆರೆ ಬಸ್ಸು ಹತ್ತಿಸಿದವನು ಅಪ್ಪನೇ. ದಾರಿಯುದ್ದಕ್ಕೂ ಟವೆಲಿನಲ್ಲಿ ಅವನ ಹಣೆಯ ಬೆವರು ಒರೆಸಿದ. ಕಂಡಕ್ಟರು "ಏನಾಯ್ತು ಗೌಡ್ರೇ?" ಎಂದರೆ "ಬಿದ್ದ" ಎಂದ. ಸಿದ್ದು ಬಲಗೈಯಲ್ಲಿ ನನ್ನ ಲಂಗ ಹಿಡಿದು ಬಿಡದಿದ್ದರಿಂದ ಅವ್ವನ ಜೊತೆ ನಾನೂ ಹೋಗಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಬರುವ ಮೊದಲು ನಮ್ಮನ್ನು ಕೂರಿಸಿದವರು ಗೌರಮ್ಮ ಎಂಬ ನರ್ಸು. ನಲವತ್ತರ ಹೆಂಗಸು, ದಪ್ಪ ಕನ್ನಡಕ, ಮಾತಿನ ಮಲ್ಲಿ. ಬಿಸಿನೀರು ಕಾಯಿಸುತ್ತ, ಹತ್ತಿ ಕತ್ತರಿಸುತ್ತ ನಮ್ಮ ಊರು ಕೇರಿ ಎಲ್ಲ ಕೇಳಿದರು.

"ನಮ್ದು ಶೆಟ್ಟಿಕೆರೆ ಕಣಮ್ಮ. ನಾವೂ ಕಾಯಿ ಕೊಬ್ಬರಿ ಜನವೇ. ಎಲ್ಲಿ, ಹೆಂಗಾಯ್ತು ಮಗೂಗೆ?"

"ಆಟಾಡ್ತಾ ಬಿ..." ಎಂದು ಅಪ್ಪ ಶುರು ಮಾಡಿದ.

ಅಪ್ಪ ಮಾತಾಡುವಾಗ ನಡುವೆ ಬಾಯಿ ಹಾಕುವುದು ಅವ್ವನ ಜಾಯಮಾನದಲ್ಲೇ ಇರಲಿಲ್ಲ. ಅವತ್ತು ಹಾಕಿದಳು.

"ಅಟ್ಟದ ಕಾಯಿ ಬಿತ್ತು ಕಣಮ್ಮಾ. ಈಗ, ಬೆಳಿಗ್ಗೆ. ಅಟ್ಟದಿಂದ."

ಗೌರಮ್ಮನವರ ಕತ್ತರಿ ನಿಂತಿತು. ಅವ್ವನನ್ನು ನೋಡಿದರು, ಅಪ್ಪನನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಲೋಕಾಭಿರಾಮ ಕೇಳುವಂತೆ ಕೇಳಿದರು.

"ನಿಮ್ಮನೇಲಿ ಇನ್ನೂ ಕಾಯಿ ಇಳ್ಸಿಲ್ವೇನವ್ವಾ? ನಮ್ಮನೇಲಿ ಶಿವರಾತ್ರಿ ಆಗಿದ್ದೇ ಇಳಿಸ್ಬುಟ್ರು."

"ಇಳ್ಸಾಯ್ತು," ಅಂದೆ ನಾನು. "ಅಟ್ಟ ಖಾಲಿ."

ಬೇಕೆಂದೇ ಹೇಳಿದೆನೋ, ಬಾಯಿಗೆ ಬಂದದ್ದನ್ನು ಹೇಳಿದೆನೋ? ಐವತ್ತು ವರ್ಷ ನಾನು ಇದನ್ನು ಕೆದಕುತ್ತಲೇ ಬಂದಿದ್ದೇನೆ. ಒಂದೊಂದು ಸಲ, ಆ ಕ್ಷಣದಲ್ಲಿ ಕೊಟ್ಟಿಗೆಯ ಬಾಗಿಲು ನನ್ನ ಕಣ್ಣ ಮುಂದೆ ಬಂದಿತ್ತು ಎನಿಸುತ್ತದೆ. ಒಂದೊಂದು ಸಲ, ಹಿರಿಯರು ಕೇಳಿದ್ದಕ್ಕೆ ಜಾಣೆಯಂತೆ ಉತ್ತರ ಕೊಟ್ಟೆ ಅಷ್ಟೇ ಎನಿಸುತ್ತದೆ. ಗೊತ್ತಿರುವುದು ಒಂದೇ. ಅಂದದ್ದೇ ತಡ ಅಪ್ಪ ನನ್ನನ್ನು ನೋಡಿದ. ಸಿಟ್ಟಿನ ನೋಟವಲ್ಲ ಅದು, ಗುರುತೇ ಸಿಗದವರನ್ನು ನೋಡುವ ನೋಟ.

"ಯಜಮಾನ್ರೇ, ನೀವು ಹೋಗಿ ಚೀಟಿ ಮಾಡಿಸ್ಕಂಡ್ ಬನ್ನಿ," ಎಂದು ಗೌರಮ್ಮ ಅಪ್ಪನನ್ನು ಆಚೆ ಕಳಿಸಿದರು. ಬಾಗಿಲು ಹಾಕಿದರು. ಸಿದ್ದುವಿನ ತುಂಬುತೋಳಿನ ಅಂಗಿಯನ್ನು ಕತ್ತರಿಯಲ್ಲಿ ಕೆಳಗಿಂದ ಮೇಲಕ್ಕೆ ಸೀಳಿದರು. ನಾನು ತಮ್ಮನ ಬೆನ್ನನ್ನು ಹಗಲು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಹಳೆಯದರ ಮೇಲೆ ಹೊಸದು, ಹಳದಿ, ನೀಲಿ. ಯಾರು ಹೊಡೆದರು ಎಂದು ಅವರು ಸಿದ್ದುವನ್ನು ಕೇಳಲೇ ಇಲ್ಲ. ತಲೆ ಸವರಿ, "ನಿನ್ನ ತಪ್ಪೇನೂ ಇಲ್ಲ ಕಣಪ್ಪ, ತಿಳೀತಾ?" ಎಂದರು. ಸಿದ್ದು ಅಲ್ಲಿಯ ತನಕ ಅತ್ತಿರಲಿಲ್ಲ. ಆ ಮಾತಿಗೆ ಅತ್ತ. ಆಮೇಲೆ ಅವ್ವನ ಕಡೆ ತಿರುಗಿದರು.

"ಕಾಯಿ ಬಿದ್ರೆ ಒಂದ್ಸಲ ಬೀಳುತ್ತೆ ಕಣಮ್ಮ. ಹಿಂಗೆ ಸಾಲಾಗಿ ಬೀಳಲ್ಲ."

ಅವ್ವ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಡಾಕ್ಟರು ಬಂದು ಕೈಗೆ ಪಟ್ಟಿ ಹಾಕಿದರು. ಅಪ್ಪನನ್ನು ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದಾಗ ಅಪ್ಪನ ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಅಷ್ಟಕ್ಕೇ ಮುಗಿದಿದ್ದರೆ ಏನಾಗುತ್ತಿತ್ತೋ. ಮೂರನೆಯ ದಿನ, ಹಾಡಹಗಲು, ಗೌರಮ್ಮ ಬಸ್ಸಿಳಿದು ನಮ್ಮ ಮನೆಗೇ ಬಂದರು. ಪಡಸಾಲೆಯಲ್ಲಿ ಕೂತು, ಕಾಫಿ ಕುಡಿದು, ನಡುಮನೆಗೆ ಎದ್ದು ಬಂದು ಅಟ್ಟದ ಕಂಡಿಯ ಕೆಳಗೆ ನಿಂತು ಕತ್ತೆತ್ತಿ ನೋಡಿದರು. ಮೇಲೆ ಬರೀ ಕತ್ತಲೆ. ಆಮೇಲೆ ಅಜ್ಜಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

"ಅಜ್ಜೀ, ಮೊಮ್ಮಗನ ಮೈ ನೋಡಿದೀರಾ?"

"ನಂಗೆ ಕಣ್ ಕಾಣಲ್ಲ ಕಣವ್ವಾ."

"ಎಣ್ಣೆ ಹಚ್ತೀರಂತಲ್ಲ. ಕೈಗೆ ಕಾಣುತ್ತಲ್ಲ."

ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದ ಅಪ್ಪ, "ಅವನ ಒಳ್ಳೇದಕ್ಕೇ ಕಣ್ರೀ. ನಾಳೆ ನಾಲ್ಕು ಜನ ಆಡ್ಕಬಾರ್ದು ಅಂತ," ಎಂದ. ದನಿ ಎಂದಿನಂತೆ ಮೆತ್ತಗೇ ಇತ್ತು. ಗೌರಮ್ಮ ಬಾಯಿ ತೆರೆಯುವ ಮೊದಲೇ ಅಜ್ಜಿ ಮಾತಾಡಿದಳು.

"ನಂಜುಂಡಾ, ನಿನ್ ದನಿ ಬಂದ ಕಡೆ ಐತಲ್ಲ, ಅದೇ ಕಂಬ ಕಣಪ್ಪ. ನಿಮ್ಮಪ್ಪ ನಿನ್ನ ಎಡಗೈನ ನಾರಿನ ಹಗ್ಗದಲ್ಲಿ ಅದಕ್ಕೇ ಬಿಗಿದು ಉಣ್ಣಾಕ್ ಕೂರಿಸ್ತಿದ್ದ. ನಾನು ಒಲೆ ಊದ್ಕಂಡು ಕೂತಿದ್ದೆ. ನೀನು ಅವ್ವಾ ಅಂತ ಕೂಗ್ತಿದ್ದೆ, ನಾನು ಊದ್ತಿದ್ದೆ. ಇನ್ನು ನನ್ ಕೈಲಾಗಲ್ಲ ಬುಡು. ಇವತ್ತಿಂದ ಈ ಮಗ ನನ್ ಪಕ್ಕ ಉಣ್ಣುತ್ತೆ, ನನ್ ಪಕ್ಕ ಮಲಗುತ್ತೆ. ಇದರ ಮೇಲೆ ಕೈ ಎತ್ತಾದ್ರೆ ಮೊದ್ಲು ನನ್ ಮೇಲೆ ಎತ್ತು."

"ಒಳ್ಳೇದಕ್ಕೆ ಅಂದ್ರಲ್ಲ ಯಜಮಾನ್ರೇ," ಗೌರಮ್ಮ ಮೆಲ್ಲಗೆ ಕೇಳಿದರು. "ನಿಮಗೆ ಒಳ್ಳೇದಾಯ್ತಾ?"

ಅಪ್ಪ ಕಂಬ ಬಿಟ್ಟು ಸರಿದು ನಿಂತ. ತನ್ನ ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ. ತೋಟಕ್ಕೆ ಹೋದ, ಸಂಜೆಯ ತನಕ ಬರಲಿಲ್ಲ.

ಮರುದಿನವೇ ಅಜ್ಜಿ ಬಡಗಿಯನ್ನು ಕರೆಸಿ ಕೊಟ್ಟಿಗೆಯ ಬಾಗಿಲನ್ನು ಕಳಚಿಸಿದಳು. ಯಾಕೆ ಎಂದು ಅಕ್ಕಪಕ್ಕದವರು ಕೇಳಿದ್ದಕ್ಕೆ "ದನಕ್ಕೆ ಗಾಳಿ ಬೇಡ್ವಾ?" ಎಂದಳು. ಆದರೆ ಸೋದರತ್ತೆಯರಿಗೆ, ಎದುರು ಮನೆಯವರಿಗೆ, ಶಾಲೆಯ ಮೇಷ್ಟರಿಗೆ ಮುಚ್ಚುಮರೆಯಿಲ್ಲದೆ ನಡೆದದ್ದನ್ನೇ ಹೇಳಿದಳು, ಒಂದು ಕಣ್ಣಿಟ್ಟಿರಿ ಎಂದಳು. ಅಲ್ಲಿಯ ತನಕ ಮನೆಯ ಮಾನ ಮನೆಯೊಳಗಿರಬೇಕು ಎನ್ನುತ್ತಿದ್ದವಳು ಅವಳೇ. ಗೌರಮ್ಮ ಎರಡು ವಾರಕ್ಕೊಮ್ಮೆ ಬಂದು ಸಿದ್ದುವಿನ ಅಂಗಿ ಬಿಚ್ಚಿಸಿ ನೋಡಿಯೇ ಕಾಫಿ ಕುಡಿಯುತ್ತಿದ್ದರು. ಅಪ್ಪ ದೇವರಂಥವನಾಗಿಬಿಟ್ಟ ಎಂದು ನಾನು ಬರೆಯಲಾರೆ. ಆಮೇಲೂ ಚುಚ್ಚು ಮಾತಾಡುತ್ತಿದ್ದ. ಮಳೆಗಾಲದಲ್ಲಿ ಒಮ್ಮೆ ಕೈ ಎತ್ತಿಯೂ ಬಿಟ್ಟ. ಅಜ್ಜಿ ಸದ್ದು ಹಿಡಿದು ತಡವರಿಸುತ್ತ ಎದ್ದು ನಡುವೆ ಬಂದು ನಿಂತಳು, ಎತ್ತಿದ ಕೈ ಕೆಳಗಿಳಿಯಿತು. ಅದೇ ಕೊನೆ.

ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನದ ಊಟ ನನಗೆ ಚೆನ್ನಾಗಿ ನೆನಪಿದೆ. ಅಷ್ಟು ದಿನ ಗತಿಯಿಲ್ಲದೆ ಬಲಗೈಯಲ್ಲಿ ಉಂಡಿದ್ದ ಸಿದ್ದು. ಅವ್ವ ಅವನ ತಟ್ಟೆಗೆ ಮುದ್ದೆ ಇಟ್ಟಳು. ಎಲ್ಲರೂ ನೋಡದವರಂತೆ ನೋಡುತ್ತಿದ್ದೆವು. ಬಡಕಲಾಗಿ, ಬೆಳ್ಳಗೆ ಬಿಳಿಚಿಕೊಂಡಿದ್ದ ಎಡಗೈ ಮೆಲ್ಲಗೆ ತಟ್ಟೆಯ ಕಡೆ ಹೋಯಿತು. ಅಪ್ಪ ತಲೆ ಬಗ್ಗಿಸಿ ತನ್ನ ಮುದ್ದೆ ಮುರಿದ.

ನನಗೂ ಒಂದು ನಷ್ಟವಾಯಿತು, ಅದನ್ನು ಹೇಳಿಕೊಳ್ಳಲು ನಾಚಿಕೆ. ಅಪ್ಪ ನನ್ನನ್ನು ಸೈಕಲ್ಲಿಗೆ ಹತ್ತಿಸುವುದು ನಿಂತಿತು. ಮುಂದಿನ ವರ್ಷ ಕಾಯಿ ಒಡೆದಾಗ ಮೊದಲ ಉಂಡೆ ಚೀಲಕ್ಕೆ ಹೋಯಿತು. ನಾನು ಲಂಗ ಹಿಡಿದು ನಿಂತೇ ಇದ್ದೆ. ಬಯ್ಯಲಿಲ್ಲ, ಹೊಡೆಯಲಿಲ್ಲ, ಗಿರಿಜವ್ವಾ ಎಂದು ಮಾತ್ರ ಮತ್ತೆ ಕರೆಯಲಿಲ್ಲ. ತಮ್ಮ ಕಣ್ತುಂಬ ನಿದ್ದೆ ಮಾಡುತ್ತಿದ್ದ, ನನಗೆ ನಿದ್ದೆ ಬರುತ್ತಿರಲಿಲ್ಲ. ಮುಂದೆ ಶಾಲೆಯಲ್ಲಿ ಯಾವ ಮಗು "ಬಿದ್ದೆ ಮಿಸ್" ಎಂದರೂ, ಎಲ್ಲಿಂದ ಬಿದ್ದೆ, ಯಾವಾಗ, ಯಾರಿದ್ದರು ಎಂದು ಕೇಳದೆ ಬಿಟ್ಟವಳಲ್ಲ. ಎಷ್ಟೋ ತಂದೆತಾಯಿಗಳು ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಬದಲಿಸಲಿ.

ಅಪ್ಪ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಅವ್ವ ನನ್ನ ಮನೆಯಲ್ಲಿದ್ದಾಗ, ಒಂದು ಮಧ್ಯಾಹ್ನ ಹೋಳಿಗೆಗೆ ಕೊಬ್ಬರಿ ತುರಿಯುತ್ತ ಕೂತಿದ್ದಳು. ಯಾವುದೋ ಮಾತಿಗೆ ಆ ಹಳೆಯದು ಬಂತು. ನನಗೆ ಹಳೆಯ ಸಿಟ್ಟು ನೆತ್ತಿಗೇರಿತು.

"ನೀನು ಅವತ್ತೂ ಅಪ್ಪನನ್ನೇ ವಹಿಸ್ಕಂಡೆ. ಸುಳ್ಳು ಹೇಳೋದ್ರಲ್ಲೂ ಎಡವಟ್ಟು. ನಾನು ಬಾಯಿ ತಪ್ಪಿ ಅನ್ನದೇ ಇದ್ದಿದ್ರೆ ಸಿದ್ದು ಗತಿ ಏನಾಗ್ತಿತ್ತು?"

ಅವ್ವ ತುರಿಯುವುದನ್ನು ನಿಲ್ಲಿಸಲಿಲ್ಲ.

"ಅಟ್ಟ ಗುಡಿಸಿದೋಳು ಯಾರು ಕಣೇ?" ಅಂದಳು.

ಅಷ್ಟು ವರ್ಷ ಯಾಕೆ ಸುಮ್ಮನಿದ್ದೆ, ನೆಟ್ಟಗೆ ಹೇಳಬಾರದಿತ್ತಾ ಎಂದು ಕೂಗಾಡಿದೆ. ತಬ್ಬಿಕೊಳ್ಳಬೇಕು ಅನ್ನಿಸಿದ್ದೂ ಆಗಲೇ. ಅವ್ವ ಉಳಿದ ಚೂರು ಕೊಬ್ಬರಿಯನ್ನು ನನ್ನ ಕೈಗೆ ಹಾಕಿದಳು.

"ನಿಮ್ಮಪ್ಪ ಪಕ್ಕದಲ್ಲೇ ನಿಂತಿದ್ರಲ್ಲೇ. ಆಯಮ್ಮ ಶೆಟ್ಟಿಕೆರೆಯೋಳು, ಕಾಯಿ ಕೊಬ್ಬರಿ ಜನ ಅಂದಿದ್ದೇ, ನನ್ ಬಾಯಿಗೆ ಬಂದಿದ್ದು ಅಷ್ಟು. ಮಿಕ್ಕಿದ್ದು ನೀನು ಹೇಳ್ತೀಯ ಅನ್ಕಂಡೆ."